ಫಾರಿನ್ ಸೊಸೆ, ಫಾರಿನ್ ಅಳಿಯನ ಜೊತೆ ಬೆಟ್ಟಕ್ಕೆ ಬರುವ ನಮ್ಮ ಮಕ್ಕಳಿಗೆ

ಪ್ರೀತಿಯ ಮಕ್ಕಳೇ,

ಓದಲು, ದುಡಿಯಲು ಹೊರದೇಶಕ್ಕೆ ಹೋಗಿ, ಅಲ್ಲಿಯವರನ್ನೇ ಮೆಚ್ಚಿ ಮದುವೆಯಾಗಿ, ರಜೆಗೆ ಊರಿಗೆ ಬರುವ ನಿಮ್ಮೆಲ್ಲರಿಗೂ ಈ ಕಾಗದ. ಮೈಸೂರು, ಚಾಮರಾಜನಗರ ಸೀಮೆಯ ಮನೆಗೆ ಫಾರಿನ್ ಸೊಸೆಯೋ ಅಳಿಯನೋ ಬಂದರೆ ಚಾಮುಂಡಿ ಬೆಟ್ಟ, ನಂಜನಗೂಡು ಮುಗಿಸಿಕೊಂಡು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆತರುವುದು ವಾಡಿಕೆಯೇ ಆಗಿದೆ. ಹೊಸದಾಗಿ ಮದುವೆಯಾದವರನ್ನು, ಮಗು ಬೇಕೆಂದು ಕಾದವರನ್ನು ಮನೆಯ ಹಿರಿಯರು ಹಟ ಹಿಡಿದು ಇಲ್ಲಿಗೆ ಕಳಿಸುತ್ತಾರೆ. ವೇಣುಗೋಪಾಲನ ಮುಂದೆ ಸಂತಾನಕ್ಕೆ ಬೇಡಿಕೊಳ್ಳುವ ಬೆಟ್ಟ ಇದು.

ಬೆಟ್ಟದ ದಾರಿಯಲ್ಲಿರುವ ಹಂಗಳದ ಹತ್ತಿರ ನಮ್ಮ ತೋಟದ ಮನೆಯ ಎರಡು ಕೋಣೆಯನ್ನು ಹೋಂಸ್ಟೇ ಮಾಡಿಕೊಂಡಿದ್ದೇವೆ. ಬಂದವರ ಪಾಸ್‌ಪೋರ್ಟು, ವೀಸಾ ಇಸಿದುಕೊಂಡು ಆನ್‌ಲೈನಿನಲ್ಲಿ ವಿವರ ತುಂಬುವ ಕೆಲಸ ನನ್ನದು. ಹಾಗಾಗಿ ನಿಮ್ಮ ಕಾಗದಪತ್ರಗಳ ಸ್ಥಿತಿ ನನಗೆ ಗೊತ್ತು. ನಿಮ್ಮಲ್ಲಿ ಬಹಳ ಮಂದಿ ಇಂಥ ವಿಷಯದಲ್ಲಿ ನಿಶ್ಚಿಂತೆಯಾಗಿ ಬರುತ್ತೀರಿ. ನಮ್ಮ ಊರು, ನಮ್ಮ ಭಾಷೆ, ನಮ್ಮ ನೆಂಟರು, ಇಲ್ಲಿ ಏನಾಗುತ್ತೆ ಅನ್ನುವ ಧೈರ್ಯ. ಆ ಧೈರ್ಯ ನಿಮ್ಮ ಪಾಲಿಗೆ ಸರಿ. ನಿಮ್ಮ ಜೊತೆ ಬಂದವರು ಮಾತ್ರ ನಮ್ಮ ಮನೆಯ ಸೊಸೆಯಾದರೂ ಕಾನೂನಿನ ಲೆಕ್ಕದಲ್ಲಿ ವಿದೇಶಿ. ತಪ್ಪಾದಾಗ ಕೌಂಟರಿನ ಮುಂದೆ ನಿಂತು ಉತ್ತರ ಕೊಡಬೇಕಾದವರು ಅವರು, ಅದೂ ತಮಗೆ ತಿಳಿಯದ ಭಾಷೆಯಲ್ಲಿ. ಆದ್ದರಿಂದ ಕಾಗದದ ಕೆಲಸ ಊರಿನವರಾದ ನಿಮ್ಮ ಹೊಣೆ. ಆದರೆ ಅದರ ಕೀಲಿಕೈ ಅವರ ಕೈಯಲ್ಲೂ ಇರಬೇಕು: ಅವರದೇ ವೀಸಾ ಪ್ರತಿ, ಅವರದೇ ಸಿಮ್, ಅವರದೇ ಹಣ.

ವೀಸಾ ವಿಷಯ ಮೊದಲು. ಬರೀ ಸುತ್ತಾಡಲು ಬರುವವರಿಗೆ ಇ-ಟೂರಿಸ್ಟ್ ವೀಸಾ ಸಾಕು. ಅದರಲ್ಲಿ 30 ದಿನದ್ದು, ಒಂದು ವರ್ಷದ್ದು, ಐದು ವರ್ಷದ್ದು ಇವೆ. 30 ದಿನದ್ದಕ್ಕೆ ಪ್ರಯಾಣಕ್ಕೆ 30 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು. ಕೊನೇ ಗಳಿಗೆ ಅಂದರೂ ನಾಲ್ಕು ದಿನ ಮುಂಚೆ ಹಾಕಿರಬೇಕು. ವರ್ಷದ ವೀಸಾ ಇದೆ ಅಂದ ಮಾತ್ರಕ್ಕೆ ವರ್ಷವಿಡೀ ಇರುವಂತಿಲ್ಲ. ಒಂದು ಸಲ ಬಂದರೆ ಎಷ್ಟು ದಿನ ಇರಬಹುದು ಅನ್ನುವ ಮಿತಿ ಅವರ ಪಾಸ್‌ಪೋರ್ಟು ಯಾವ ದೇಶದ್ದು ಅನ್ನುವುದರ ಮೇಲೆ ಇರುತ್ತದೆ. ಮಂಜೂರಾತಿ ಪತ್ರವನ್ನು ಪೂರ್ತಿ ಓದಿ, ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಇಂಟರ್ನೆಟ್ಟಿನಲ್ಲಿ ಇಂಡಿಯಾ ವೀಸಾ ಎಂದು ಹುಡುಕಿದರೆ ಸರ್ಕಾರದ್ದೇ ಅನ್ನುವಂಥ ಮುಖ ಹೊತ್ತ ದಲ್ಲಾಳಿ ತಾಣಗಳು ಮೊದಲು ಕಾಣುತ್ತವೆ, ದುಪ್ಪಟ್ಟು ದುಡ್ಡು ಕೀಳುತ್ತವೆ. ವಿಳಾಸದ ಬಾಲದಲ್ಲಿ ಜಿಒವಿ ಡಾಟ್ ಇನ್ ಇದ್ದರೆ ಮಾತ್ರ ಕಾರ್ಡಿನ ನಂಬರ್ ಕೊಡಿ. 2025ರ ಅಕ್ಟೋಬರ್ 1ರಿಂದ ವಿದೇಶಿಯರಿಗೆ ಇ-ಅರೈವಲ್ ಕಾರ್ಡ್ ಬಂದಿದೆ. ವಿಮಾನದಲ್ಲಿ ಪೆನ್ನಿಗೆ ಹುಡುಕಾಡಿ ಬರೆಯುತ್ತಿದ್ದ ಚೀಟಿಯ ಬದಲು, ಇಳಿಯುವ ಮುಂಚಿನ 72 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಶುಲ್ಕ ಕೇಳಿದವರು ಮೋಸಗಾರರು.

ಇ-ವೀಸಾದ ಮೇಲೆ ಎಲ್ಲ ವಿಮಾನ ನಿಲ್ದಾಣದಲ್ಲೂ ಇಳಿಯಲಾಗುವುದಿಲ್ಲ, ಪಟ್ಟಿಯಲ್ಲಿ ಇರುವಲ್ಲಿ ಮಾತ್ರ. ನಮಗೆ ಹತ್ತಿರದ ಬೆಂಗಳೂರು, ಕೋಯಿಕ್ಕೋಡ್, ಕಣ್ಣೂರು, ಕೊಯಮತ್ತೂರು, ಮಂಗಳೂರು ಎಲ್ಲವೂ ಆ ಪಟ್ಟಿಯಲ್ಲಿವೆ. ಗಲ್ಫಿನ ಕಡೆಯಿಂದ ಬರುವವರು ಕೋಯಿಕ್ಕೋಡಿಗೋ ಕಣ್ಣೂರಿಗೋ ಇಳಿದು ವಯನಾಡಿನ ಮೇಲೆ ಬಂದರೆ ಗುಂಡ್ಲುಪೇಟೆ ಸಲೀಸು. ಆದರೆ ಆ ದಾರಿಗೆ ರಾತ್ರಿ ಬೀಗ ಬೀಳುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಮದುವೆ ನೋಂದಣಿಯಾಗಿದ್ದರೆ ಪ್ರತಿ ಸಲ ಟೂರಿಸ್ಟ್ ವೀಸಾದ ಮೇಲೆ ಬರುವ ಕಷ್ಟ ಯಾಕೆ? ಭಾರತೀಯರ, ಭಾರತೀಯ ಮೂಲದವರ ಗಂಡ ಅಥವಾ ಹೆಂಡತಿಗೆ ಎಂಟ್ರಿ ವೀಸಾ ಎಂದು ಬೇರೆಯೇ ಇದೆ. ಅದನ್ನು ಪಡೆಯುವ ಬಗೆಯನ್ನು ನೀವಿರುವ ದೇಶದ ನಮ್ಮ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. 180 ದಿನ ಮೀರಿ ಇರುವುದಾದರೆ ಬಂದ 14 ದಿನದೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ, ಅಂದರೆ ಎಫ್‌ಆರ್‌ಆರ್‌ಒ ನೋಂದಣಿ ಆಗಬೇಕು. ಬೆಂಗಳೂರಿಗೆ ಓಡಬೇಕಿಲ್ಲ, ಇ-ಎಫ್‌ಆರ್‌ಆರ್‌ಒ ಆನ್‌ಲೈನಿನಲ್ಲೇ ನಡೆಯುತ್ತದೆ. ಮದುವೆ ನೋಂದಣಿಯಾಗಿ ಎರಡು ವರ್ಷ ಬಿಡದೆ ಊರ್ಜಿತದಲ್ಲಿದ್ದರೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಪಾಕಿಸ್ತಾನ, ಬಾಂಗ್ಲಾದೇಶದ ಹಿನ್ನೆಲೆಯವರಿಗೆ ಮಾತ್ರ ಅದು ಸಿಗುವುದಿಲ್ಲ. ಕಾರ್ಡು ಕೈಗೆ ಬಂದರೆ ವೀಸಾದ ಗೊಡವೆ ಇಲ್ಲ, ಎಷ್ಟು ದಿನ ಇದ್ದರೂ ನೋಂದಣಿ ಬೇಡ. ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಶುಲ್ಕದಲ್ಲೂ ಭಾರತೀಯರ ದರವೇ ಅನ್ವಯ. ಬಂಡೀಪುರದ ಕೌಂಟರಿನಲ್ಲಿ ಮುಖ ನೋಡಿ ವಿದೇಶಿಯರ ಟಿಕೆಟ್ ಹರಿಯಲು ಹೊರಟರೆ ಕಾರ್ಡು ತೋರಿಸಿ ಸಮಾಧಾನವಾಗಿ ಕೇಳಿ. ಒಂದು ಎಚ್ಚರ: ಮದುವೆಯ ಆಧಾರದ ಮೇಲೆ ಓಸಿಐ ಪಡೆದವರು ಹೊಸ ಪಾಸ್‌ಪೋರ್ಟು ಬಂದಾಗಲೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿಯನ್ನೂ ಮದುವೆ ಊರ್ಜಿತದಲ್ಲಿದೆ ಎಂಬ ಹೇಳಿಕೆಯನ್ನೂ ಓಸಿಐ ಪೋರ್ಟಲ್ಲಿಗೆ ಏರಿಸಬೇಕು.

ಈಗ ನನ್ನ ದಿನನಿತ್ಯದ ಕೆಲಸದ ವಿಷಯ, ಫಾರ್ಮ್ ಸಿ ಎಂದೇ ರೂಢಿಯಾಗಿದ್ದ, 2025ರ ಹೊಸ ನಿಯಮದಲ್ಲಿ ಫಾರ್ಮ್ III ಆಗಿರುವ ಕಾಗದ. ವಿದೇಶಿಯರನ್ನು ಮನೆಯಲ್ಲಿ ಇಳಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರವನ್ನು ನೋಂದಣಾಧಿಕಾರಿಗೆ ತಿಳಿಸಬೇಕು. ಬೆಂಗಳೂರಿನಂಥ ಕಡೆ ಎಫ್‌ಆರ್‌ಆರ್‌ಒ, ನಮ್ಮಂಥ ಜಿಲ್ಲೆಯಲ್ಲಿ ಎಸ್‌ಪಿ ಸಾಹೇಬರೇ ಆ ಅಧಿಕಾರಿ. ಲಾಡ್ಜು, ಹೋಂಸ್ಟೇ ನಡೆಸುವವರಿಗೆ ಇದು ರೂಢಿ. ನೆಂಟರ ಮನೆಗೂ ಇದು ಅನ್ವಯಿಸುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ತೆರಕಣಾಂಬಿಯ ಸೋದರತ್ತೆ ಮನೆಯಲ್ಲಿ ಮೂರು ದಿನ, ಬೇಗೂರಿನ ಚಿಕ್ಕಪ್ಪನ ಮನೆಯಲ್ಲಿ ಎರಡು ದಿನ ಉಳಿದರೆ ಆ ಎರಡೂ ಮನೆಯಿಂದ ಮಾಹಿತಿ ಹೋಗಬೇಕು. ಈ ಮಾಹಿತಿ ತುಂಬುವ ಪೋರ್ಟಲ್ಲಿನಲ್ಲಿ ಸ್ವಂತ ಮನೆಯವರಿಗೂ ಖಾತೆ ತೆರೆಯುವ ಅವಕಾಶ ಇದೆ. ಮೊದಲ ಸಲ ಕಷ್ಟ ಅನಿಸುತ್ತದೆ: ಮನೆಯ ವಿಳಾಸದ ಪುರಾವೆ, ಮಾಲೀಕರ ಗುರುತಿನ ಚೀಟಿ, ಬಂದವರ ಫೋಟೋ, ಪಾಸ್‌ಪೋರ್ಟಿನ ಮೊದಲ ಪುಟ, ವೀಸಾ, ಇಮಿಗ್ರೇಷನ್ ಮುದ್ರೆ ಬಿದ್ದ ಪುಟ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಹೋಗುತ್ತಾರೆ. ಎಪ್ಪತ್ತು ದಾಟಿದ ಅತ್ತೆಯಿಂದ ಇದು ಆಗುವ ಮಾತಲ್ಲ. ಬರುವ ಒಂದು ವಾರ ಮುಂಚೆಯೇ ನೀವು ಅವರ ಹೆಸರಿನಲ್ಲಿ ಖಾತೆ ತೆರೆದಿಡಿ, ಬಂದ ರಾತ್ರಿ ಕೂತು ತುಂಬಿ, ಅರ್ಜಿಯ ಪ್ರತಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಮುಂದೆ ವೀಸಾ ವಿಸ್ತರಣೆಯಂಥ ಕೆಲಸ ಬಿದ್ದಾಗ ಎಲ್ಲಿ ತಂಗಿದ್ದಿರಿ ಎಂದು ಕೇಳುತ್ತಾರೆ. ಆಗ ಈ ಹಾಳೆಗಳೇ ಕೈಹಿಡಿಯುವುದು.

‘ಪೊಲೀಸರಿಗೆ ಯಾಕೆ ಹೇಳಬೇಕು, ನಮ್ಮ ಸೊಸೆ ಕಳ್ಳಿಯಾ?’ ಎಂದು ಅತ್ತೆ ಮಾವ ಬೇಸರ ಮಾಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಅವರ ಪ್ರೀತಿ ದೊಡ್ಡದು. ಆದರೆ 2025ರ ಸೆಪ್ಟೆಂಬರ್ 1ರಿಂದ ಹಳೆಯ ನಾಲ್ಕು ಕಾನೂನುಗಳ ಜಾಗದಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ವೀಸಾ ಅವಧಿ ಮೀರಿ ಉಳಿದರೆ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು ಎಂದು ಅದರಲ್ಲಿದೆ. ಮನೆಯವರಿಗೆ ಇದನ್ನು ಹೆದರಿಸುವ ಹಾಗೆ ಹೇಳಬೇಡಿ, ತಿಳಿಯುವ ಹಾಗೆ ಹೇಳಿ.

ಫೋನಿನ ವಿಷಯದಲ್ಲಿ ನನಗೆ ನಿಮ್ಮ ಮೇಲೆ ನಿಜವಾಗಿ ಸಿಟ್ಟಿದೆ. ಬಂದ ಕೂಡಲೇ ನಿಮಗೆ ಹಳೆಯ ನಂಬರು ಚಾಲೂ ಆಗುತ್ತದೆ, ಫೋನ್‌ಪೇ ಗೂಗಲ್‌ಪೇ ಎಲ್ಲ ಓಡುತ್ತದೆ. ಜೊತೆಗೆ ಬಂದವರ ಫೋನಿನಲ್ಲಿ ಆ ದೇಶದಲ್ಲೇ ಕೊಂಡ ಟ್ರಾವೆಲ್ ಇ-ಸಿಮ್ ಇರುತ್ತದೆ. ಅದರಲ್ಲಿ ಡೇಟಾ ಬರುತ್ತದೆ, ಮ್ಯಾಪು ತೆರೆಯುತ್ತದೆ, ವಾಟ್ಸಾಪ್ ಹೋಗುತ್ತದೆ. ಆದರೆ ಅದಕ್ಕೆ ಇಂಡಿಯಾ ನಂಬರು ಇರುವುದಿಲ್ಲ. ನಮ್ಮ ದೇಶದಲ್ಲಿ ಈಗ ಎಲ್ಲದಕ್ಕೂ ಓಟಿಪಿ ಬೇಕು. ಏರ್‌ಪೋರ್ಟಿನ ವೈಫೈಗೂ ಬೇಕು, ಟ್ಯಾಕ್ಸಿ ಆ್ಯಪಿಗೂ ಬೇಕು.

ಚೆಂಡುಹೂವಿನ ಕಾಲದಲ್ಲಿ ಒಬ್ಬ ಹುಡುಗಿ ನಮ್ಮ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ಗಂಡ ಬೆಳಿಗ್ಗೆಯೇ ಯಾವುದೋ ಕೆಲಸಕ್ಕೆ ಗೂಡಲೂರಿನ ಕಡೆ ಹೋಗಿದ್ದ. ಹೂವಿನ ಹೊಲ ನೋಡಿಕೊಂಡು ಬರೋಣ ಎಂದು ಇವಳು ಟ್ಯಾಕ್ಸಿ ತರಿಸಿ ಹೋಗಿಬಂದಳು. ಟ್ಯಾಕ್ಸಿಯವನು ಗೇಟಿನ ಹತ್ತಿರ ಕ್ಯೂಆರ್ ಕೋಡಿನ ಕಾರ್ಡು ಹಿಡಿದು ನಿಂತ. ಇವಳ ಹತ್ತಿರ ಅವಳ ದೇಶದ ಬ್ಯಾಂಕಿನ ಕಾರ್ಡು ಬಿಟ್ಟರೆ ಬಿಡಿಗಾಸು ನಗದಿಲ್ಲ. ಗಂಡ ಅವಳ ಫೋನಿಗೆ ಹಾಕಿಕೊಟ್ಟಿದ್ದ ಆ್ಯಪ್ ಓಟಿಪಿ ಕಳಿಸಿದ್ದು ಅವನ ನಂಬರಿಗೆ. ಅವನು ಟವರಿಲ್ಲದ ಕಾಡಿನ ರಸ್ತೆಯಲ್ಲಿದ್ದಾನೆ. ಹುಡುಗಿ ಫೋನನ್ನು ಮೇಲೆತ್ತಿ ಹಿಡಿದು ಜಗಲಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಾಳೆ, ಪರದೆಯಲ್ಲಿ 30 ಸೆಕೆಂಡಿನ ಲೆಕ್ಕ ಸೊನ್ನೆಗೆ ಬಂದು ಮತ್ತೆ ಶುರುವಾಗುತ್ತಿದೆ. ಟ್ಯಾಕ್ಸಿಯವನು ಒಳ್ಳೆಯವನು, ‘ಇರ್ಲಿ ಬುಡಿ ಅಕ್ಕ, ಆಮೇಲೆ ಕೊಡ್ಲಿ’ ಅಂದ. ದುಡ್ಡು ನಾನು ಕೊಟ್ಟೆ, ಅದು ದೊಡ್ಡ ಮಾತಲ್ಲ. ಅವಳು ತನ್ನ ದೇಶದಲ್ಲಿ ಒಂದು ಆಸ್ಪತ್ರೆಯ ವಿಭಾಗವನ್ನೇ ನೋಡಿಕೊಳ್ಳುವ ನರ್ಸು. ಅಂಥವಳ ಮುಖ ಆವತ್ತು ಎಷ್ಟು ಸಣ್ಣಗಾಗಿತ್ತು ಅನ್ನುವುದನ್ನು ಅವಳ ಗಂಡ ನೋಡಬೇಕಿತ್ತು.

ಆದ್ದರಿಂದ ಬಂದ ದಿನವೇ, ಏರ್‌ಪೋರ್ಟು ಬಿಡುವ ಮುಂಚೆ ಅವರ ಹೆಸರಿನಲ್ಲೇ ಒಂದು ಸಿಮ್ ಕೊಡಿಸಿ. ಪಾಸ್‌ಪೋರ್ಟು, ವೀಸಾ, ಫೋಟೋ, ಉಳಿಯುವ ವಿಳಾಸ, ಇಲ್ಲಿನವರೊಬ್ಬರ ನಂಬರು ಕೇಳುತ್ತಾರೆ. ಏರ್‌ಪೋರ್ಟಿನ ಕೌಂಟರಿನವರಿಗೆ ವಿದೇಶಿಯರ ಕೆವೈಸಿ ಮಾಡಿ ಅಭ್ಯಾಸ ಇರುತ್ತದೆ. ಅಲ್ಲಿ ತಪ್ಪಿದರೆ ಮೈಸೂರಿನಲ್ಲಿ ಆಯಾ ಕಂಪನಿಯ ಸ್ವಂತ ಮಳಿಗೆಗೆ ಹೋಗಿ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಪಕ್ಕದ ರೀಚಾರ್ಜ್ ಅಂಗಡಿಯವರು ಆಧಾರ್ ಬೆರಳಚ್ಚಿನ ಮೇಲೆ ಸಿಮ್ ಕೊಡುವವರು. ವಿದೇಶಿ ಪಾಸ್‌ಪೋರ್ಟು ಹಿಡಿದು ಹೋದರೆ ಅವರೂ ಪೇಚಾಡುತ್ತಾರೆ, ನೀವೂ ಪೇಚಾಡುತ್ತೀರಿ. ವಿದೇಶಿಯರ ಸಿಮ್ಮಿಗೆ ಅವಧಿಯ ಮಿತಿ ಇದೆ, ಕೊಳ್ಳುವಾಗಲೇ ಕೊನೆಯ ತಾರೀಕು ಕೇಳಿ. ತಮ್ಮನ ಹೆಸರಿನ ಇನ್ನೊಂದು ಸಿಮ್ ಹಾಕಿಕೊಟ್ಟರೆ ಕೆಲಸ ಸುಲಭ ಅನಿಸಬಹುದು. ಆ ನಂಬರು ಅವರದಾಗುವುದಿಲ್ಲ, ಅದರಿಂದ ಏನಾದರೂ ತೊಡಕಾದರೆ ತಮ್ಮನ ತಲೆಗೆ ಬರುತ್ತದೆ. ಹೊರಡುವ ಮುಂಚೆ ಅವರ ಫೋನು ಕಂಪನಿ ಲಾಕ್ ಇಲ್ಲದ್ದು ಹೌದೇ ನೋಡಿ. ಅವರ ದೇಶದ ಸಿಮ್ಮನ್ನು ತೆಗೆದು ಪರ್ಸಿನಲ್ಲಿ ಇಡಬೇಡಿ. ಎರಡನೇ ಸಿಮ್ಮಾಗಿ ಫೋನಿನಲ್ಲೇ ಇರಲಿ, ಡೇಟಾ ರೋಮಿಂಗ್ ಮಾತ್ರ ಬಂದ್ ಮಾಡಿ. ಅವರ ಬ್ಯಾಂಕಿನ ಸಂದೇಶ ಅದಕ್ಕೇ ಬರುವುದು.

ಹಣದ ವಿಷಯಕ್ಕೂ ದಾರಿ ಇದೆ. ಇಲ್ಲಿ ಬ್ಯಾಂಕ್ ಖಾತೆ ಇಲ್ಲದ ವಿದೇಶಿ ಪ್ರವಾಸಿಗರಿಗಾಗಿ 2023ರಿಂದ ಯುಪಿಐ ಒನ್ ವರ್ಲ್ಡ್ ಎಂಬ ವ್ಯವಸ್ಥೆ ಇದೆ. ಪಾಸ್‌ಪೋರ್ಟು, ವೀಸಾ ತೋರಿಸಿ ಖಾತ್ರಿ ಮಾಡಿಸಿಕೊಂಡು ವಾಲೆಟ್ಟಿಗೆ ಹಣ ತುಂಬಿಸಿದರೆ ಎಳನೀರಿನವನಿಂದ ಹಿಡಿದು ಎಲ್ಲ ಕಡೆ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡಬಹುದು. ನೀವೇ ಎನ್‌ಆರ್‌ಐ ಆಗಿದ್ದರೆ, ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇಯಂಥ ಕೆಲವು ದೇಶಗಳ ನಂಬರಿಗೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಜೋಡಿಸಿ ಯುಪಿಐ ಬಳಸುವ ಅವಕಾಶವೂ ಇದೆ, ನಿಮ್ಮ ಬ್ಯಾಂಕನ್ನು ಕೇಳಿ. ಏನೇ ಇದ್ದರೂ ಇಬ್ಬರ ಜೇಬಿನಲ್ಲೂ ಬೇರೆಬೇರೆಯಾಗಿ ನಗದು ಇರಲಿ, ನೂರು ಐವತ್ತರ ನೋಟಾಗಿ. ಬೆಟ್ಟದ ಕಡೆ ಬಂದ ಮೇಲೆ ಎಟಿಎಂ ಹುಡುಕಬೇಡಿ, ಗುಂಡ್ಲುಪೇಟೆಯಲ್ಲೇ ತೆಗೆದುಕೊಳ್ಳಿ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಲ್ಲ ಎಂದು ಫಾರಿನ್ ಸೊಸೆಯನ್ನೂ ಹಾಗೇ ಕೂರಿಸಬೇಡಿ. ಶಕ್ತಿ ಯೋಜನೆ ಕರ್ನಾಟಕದ ನಿವಾಸಿ ಎಂಬ ಗುರುತಿನ ಚೀಟಿ ಇರುವವರಿಗೆ. ಇಲ್ಲಿಯೇ ನೆಲೆಸಿ, ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇದ್ದ ವಿದೇಶಿಯರಿಗೆ ಆಧಾರ್ ಕೂಡ ಸಿಗುತ್ತದೆ, ಆಗಿನ ಮಾತು ಬೇರೆ.

ಬೆಟ್ಟ, ಕಾಡು, ಟ್ರೆಕಿಂಗ್ ಎಂದು ಆಸೆಪಟ್ಟು ಬರುವ ವಿದೇಶಿಯರು ಅವರ ದೇಶದಲ್ಲಿ ಬಳಸುವ ಉಪಗ್ರಹ ಸಂದೇಶದ ಪುಟ್ಟ ಸಾಧನವನ್ನು ಬ್ಯಾಗಿಗೆ ಸಿಕ್ಕಿಸಿಕೊಂಡು ಬರುತ್ತಾರೆ. ಗಾರ್ಮಿನ್ ಇನ್‌ರೀಚ್ ಅಂಥದ್ದು, ತುರಾಯ, ಇರಿಡಿಯಂ ಫೋನುಗಳೂ ಅದೇ ಜಾತಿ. ಅಲ್ಲಿ ಅದು ಜೀವ ಉಳಿಸುವ ವಸ್ತು. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಂಡರೆ ಅಪರಾಧ. ಏನೂ ಅರಿಯದೆ ಅದನ್ನು ತಂದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದು ಪೊಲೀಸರ ವಶವಾದ ಪ್ರವಾಸಿಗರಿದ್ದಾರೆ. ಟಿಕೆಟ್ ಕೊಳ್ಳುವಾಗಲೇ ಹೇಳಿ, ಆ ಸಾಧನ ಅವರ ಮನೆಯಲ್ಲೇ ಉಳಿಯಲಿ. ಡ್ರೋನ್ ಕೂಡ ತರಬೇಡಿ. ಗೋಪಾಲಸ್ವಾಮಿ ಬೆಟ್ಟ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಇರುವುದು.

ಆ ಸಾಧನ ಇಲ್ಲವೆಂದ ಮೇಲೆ ಸಿಗ್ನಲ್ ಇಲ್ಲದ ಜಾಗಕ್ಕೆ ತಯಾರಿ ಬೇರೆ ಥರ ಮಾಡಿಕೊಳ್ಳಬೇಕು. ಗುಂಡ್ಲುಪೇಟೆಯಲ್ಲಿ ನೆಟ್‌ವರ್ಕ್ ಚೆನ್ನಾಗಿರುತ್ತದೆ. ಕಾಡು ಶುರುವಾದ ಮೇಲೆ ನಂಬಬೇಡಿ. ಗಡಿಯ ಹತ್ತಿರ ಒಮ್ಮೆ ಕೇರಳದ ಟವರು ಹಿಡಿಯುತ್ತದೆ, ಒಮ್ಮೆ ತಮಿಳುನಾಡಿನದು, ಒಮ್ಮೆ ಏನೂ ಇಲ್ಲ. ಮೈಸೂರು, ಗುಂಡ್ಲುಪೇಟೆ, ಊಟಿ, ಸುಲ್ತಾನ್ ಬತ್ತೇರಿ ಸೇರುವ ಹಾಗೆ ಮ್ಯಾಪನ್ನು ವೈಫೈ ಇರುವಾಗಲೇ ಇಳಿಸಿಕೊಳ್ಳಿ, ಇಬ್ಬರ ಫೋನಿನಲ್ಲೂ. ಅವರ ಪರ್ಸಿನಲ್ಲಿ ಒಂದು ಚೀಟಿ ಇಡಿ: ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಳಿದಿರುವ ಮನೆಯ ವಿಳಾಸ, ನಿಮ್ಮ ನಂಬರು, ಮನೆಯ ಇನ್ನೊಬ್ಬರ ನಂಬರು, ರಕ್ತದ ಗುಂಪು. ಫೋನಿನ ಚಾರ್ಜು ಮುಗಿದಾಗ ಬಸ್ಸಿನ ಕಂಡಕ್ಟರು ಓದಲು ಅದೊಂದೇ ಸಾಕು. ತುರ್ತಿಗೆ 112. ಪ್ರವಾಸಿಗರಿಗೆಂದೇ 1363 ಎಂಬ ಸಹಾಯವಾಣಿ ಹಗಲು ರಾತ್ರಿ ಇದೆ. ಜರ್ಮನ್, ಜಪಾನಿ, ಅರಬಿ, ರಷ್ಯನ್ ಸೇರಿ ಹತ್ತು ಹೊರದೇಶದ ಭಾಷೆ, ಜೊತೆಗೆ ಹಿಂದಿ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಿಮ್ಮ ಸಂಗಾತಿಯ ಫೋನಿನಲ್ಲಿ ಆ ನಂಬರು ಇರಲಿ.

ರಸ್ತೆಯ ಸಂಗತಿ ಹೇಳುತ್ತೇನೆಂದೆ. ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿ ಕಾಡು ಹಾಯುತ್ತವೆ, ಸುಲ್ತಾನ್ ಬತ್ತೇರಿ ಕಡೆಗೆ 766, ಊಟಿ ಕಡೆಗೆ 181. ಎರಡರಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಿಂದ ಹೀಗಿದೆ, ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದುದನ್ನು ತಡೆಯಲು ಮಾಡಿದ್ದು, ಮಾಡಿದ್ದು ಒಳ್ಳೆಯದೇ ಆಯಿತು. ಕೆಲವು ಸರ್ಕಾರಿ ಬಸ್ಸು, ಆಂಬುಲೆನ್ಸಿಗೆ ಮಾತ್ರ ವಿನಾಯಿತಿ. ‘ವಿದೇಶಿಯರಿದ್ದಾರೆ, ಫ್ಲೈಟ್ ಇದೆ’ ಎಂದು ಮದ್ದೂರು ಚೆಕ್‌ಪೋಸ್ಟಿನಲ್ಲಿ ಬೇಡಿಕೊಂಡರೆ ಗೇಟು ತೆರೆಯುವುದಿಲ್ಲ. ಕೋಯಿಕ್ಕೋಡಿನಿಂದ ಬೆಳಗಿನ ಜಾವದ ವಿಮಾನವಿದ್ದರೆ ಹಿಂದಿನ ಸಂಜೆ ಬೆಳಕಿರುವಾಗಲೇ ಕಾಡು ದಾಟಿ ಬತ್ತೇರಿಯಲ್ಲಿ ಉಳಿಯಿರಿ. ರಾತ್ರಿಯೇ ಹೋಗಬೇಕಾಗಿ ಬಂದರೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಮಾನಂದವಾಡಿಗೆ ಸುತ್ತುದಾರಿ. ಊಟಿಗೆ ಹೋಗುವುದಾದರೆ 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇಕು. ನಮ್ಮವರು ಮೊಬೈಲ್ ನಂಬರಿನಿಂದ ಪಡೆಯಬಹುದು, ವಿದೇಶಿಯರು ಇ-ಮೇಲ್ ವಿಳಾಸದಿಂದ. ಪ್ಲಾಸ್ಟಿಕ್ ನೀರಿನ ಬಾಟಲಿ ಅಲ್ಲಿ ನಿಷೇಧ.

ಬೆಟ್ಟದ್ದು ಸುಲಭ. ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಬಂದು ಹಂಗಳದಲ್ಲಿ ತಿರುಗಿದರೆ ತಪ್ಪಲು ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಗಾಡಿ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಶುರು, ಸಂಜೆ ನಾಲ್ಕರ ಹೊತ್ತಿಗೆ ಎಲ್ಲರೂ ಇಳಿಯಬೇಕು. ಶ್ರಾವಣ ಶನಿವಾರ, ಸಾಲು ರಜೆ ಇರುವ ದಿನ ವಿದೇಶಿಯರನ್ನು ಕರೆತರಬೇಡಿ, ನೂಕುನುಗ್ಗಲಿನಲ್ಲಿ ಅವರು ಕಂಗಾಲಾಗುತ್ತಾರೆ. ವಾರದ ನಡುವೆ ಮೊದಲ ಬಸ್ಸಿಗೆ ಬನ್ನಿ. 1,454 ಮೀಟರ್ ಎತ್ತರ, ಬೇಸಿಗೆಯಲ್ಲೂ ಗಾಳಿ ಕೊರೆಯುತ್ತದೆ, ಸ್ವೆಟರ್ ಇರಲಿ. ಮಂಜು ಕವಿದರೆ ಎದುರಿಗಿನ ಧ್ವಜಸ್ತಂಭವೂ ಮಸುಕಾಗುತ್ತದೆ. ಮಂಜು ಸರಿದಾಗ ಎದುರಿನ ಹುಲ್ಲಿನ ಇಳಿಜಾರಿನಲ್ಲಿ ಆನೆ ಹಿಂಡು ಕಂಡರೂ ಕಂಡೀತು. ಫೋಟೋ ಆಸೆಗೆ ಇಳಿಜಾರಿನ ಕಡೆ ಇಳಿಯಲು ಬಿಡಬೇಡಿ. ದೇವಸ್ಥಾನದಲ್ಲಿ ಪೂಜೆ ನಡೆಯುವಾಗ ಏನಾಗುತ್ತಿದೆ ಎಂದು ನಿಮ್ಮ ಸಂಗಾತಿಯ ಕಿವಿಯಲ್ಲಿ ಹೇಳುತ್ತಿರಿ. ಸುತ್ತ ನೆಂಟರ ಗುಂಪು, ಎಲ್ಲರೂ ಕನ್ನಡದಲ್ಲಿ ನಗುತ್ತಿರುವಾಗ ಅರ್ಥವಾಗದೆ ನಕ್ಕು ನಕ್ಕು ಸುಸ್ತಾದ ಮುಖಗಳನ್ನು ನಾನು ಬಹಳ ನೋಡಿದ್ದೇನೆ. ಬಂಡೀಪುರದ ಸಫಾರಿ ನಂಬಿ ಬರುವವರು ಹಿಂದಿನ ದಿನ ವಿಚಾರಿಸಿಕೊಳ್ಳಿ. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಸಫಾರಿಯನ್ನೇ ನಿಲ್ಲಿಸಿದ್ದರು.

ಬೆಟ್ಟದಿಂದ ಮುಂದೆ ಸುತ್ತುವವರಿಗೆ ಇನ್ನೊಂದು ಎಚ್ಚರ. ನಮ್ಮದೇ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಟಿಬೆಟನ್ನರ ನೆಲೆ ಇದೆ. ಬೌದ್ಧ ಮಂದಿರ, ಶಾಂತ ಜಾಗ ಎಂದು ಅಲ್ಲಿ ರಾತ್ರಿ ಉಳಿಯಲು ಮನಸ್ಸಾಗುವುದು ಸಹಜ. ಟಿಬೆಟನ್ ಶಿಬಿರಗಳಲ್ಲಿ ವಿದೇಶಿಯರು ತಂಗಲು ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಗಿ ಬೇಕು. ಬೈಲಕುಪ್ಪೆಗೂ ಇದೇ ನಿಯಮ. ಪರವಾನಗಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಓಸಿಐ ಇದ್ದವರಿಗೂ ಇಂಥ ಸಂರಕ್ಷಿತ ಜಾಗಗಳ ವಿಷಯದಲ್ಲಿ ವಿನಾಯಿತಿ ಇಲ್ಲ.

ಇನ್ನು ಇಲ್ಲಿಗೇ ಬಂದು ಮದುವೆಯಾಗುವ ಆಸೆಯಿದ್ದವರಿಗೆ. ದೇವಸ್ಥಾನದಲ್ಲಿ ತಾಳಿ ಕಟ್ಟಿದರೆ ಮನೆಯವರಿಗೆ ಮದುವೆ ಆಯಿತು, ವೀಸಾ ಕಚೇರಿಗೆ ಆಗಲಿಲ್ಲ. ಬೇರೆಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಡಬೇಕು. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ನೋಟಿಸ್ ಹಾಕಿದ ಮೇಲೆ ಆಕ್ಷೇಪಣೆಗೆಂದು ಮತ್ತೆ 30 ದಿನ ಕಾಯಬೇಕು. ಮದುವೆಯ ದಿನ ಮೂವರು ಸಾಕ್ಷಿಗಳು. ಈ ಲೆಕ್ಕ ನೋಡಿದರೆ 30 ದಿನದ ಇ-ವೀಸಾ ಹಿಡಿದು ಬಂದವರು ನೋಟಿಸ್ ಕೊಟ್ಟು ಬರಿಗೈಯಲ್ಲಿ ವಿಮಾನ ಹತ್ತುತ್ತಾರೆ. ವರ್ಷದ ವೀಸಾ ಮಾಡಿಸಿ. ಅವರು ಅವಿವಾಹಿತರು ಎಂಬ ಪ್ರಮಾಣಪತ್ರವನ್ನು ಅವರ ದೇಶದಿಂದಲೇ ಅಪೊಸ್ಟಿಲ್ ಮುದ್ರೆ ಹಾಕಿಸಿ ತನ್ನಿ, ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅನುವಾದವೂ ಇರಲಿ. ನೋಂದಣಿ ಪತ್ರದಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಅಕ್ಷರ ಅಕ್ಷರ ಕೂಡಬೇಕು. ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ಲಾಗಿ ಬಂದು ನಮ್ಮವರ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಮೊದಲು ಅದನ್ನು ಸರಿಮಾಡಿಸಿಕೊಳ್ಳಿ.

ಕೊನೆಯದು, ನೀವು ಈ ಬೆಟ್ಟಕ್ಕೆ ಬಂದು ಬೇಡಿಕೊಳ್ಳುವ ಮಗುವಿನ ವಿಷಯ. ಮಗು ಹೊರದೇಶದಲ್ಲಿ ಹುಟ್ಟಿ, ನೀವು ಇನ್ನೂ ಭಾರತದ ಪ್ರಜೆಯೇ ಆಗಿದ್ದು, ಮಗುವಿಗೂ ನಮ್ಮ ಪೌರತ್ವ ಬೇಕೆಂದರೆ ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು, ಮಗುವಿನ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟು ಇರಬಾರದು. ಬೇರೆ ದೇಶದ ಪಾಸ್‌ಪೋರ್ಟು ಮಾಡಿಸಿದರೆ ತಿಂಗಳ ಕೂಸಿಗೂ ಅದರದೇ ವೀಸಾ ಅಥವಾ ಓಸಿಐ ಬೇಕು. ಚೊಚ್ಚಲ ಹೆರಿಗೆ ಊರಿನಲ್ಲೇ ಆಗಲಿ ಎಂದು ಅಮ್ಮ ಹಟ ಹಿಡಿದಿದ್ದರೆ ಇದನ್ನು ಎರಡು ಸಲ ಓದಿ. 2004ರ ಡಿಸೆಂಬರ್ 3ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತೀಯ ಆಗಬೇಕಾದರೆ ಅಪ್ಪ ಅಮ್ಮ ಇಬ್ಬರೂ ಭಾರತೀಯರಿರಬೇಕು. ಅಥವಾ ಒಬ್ಬರು ಭಾರತೀಯರಿದ್ದು, ಇನ್ನೊಬ್ಬರು ಮಗು ಹುಟ್ಟುವ ಹೊತ್ತಿಗೆ ಅಕ್ರಮ ವಲಸಿಗರಾಗಿರಬಾರದು. ಸರಿಯಾದ ವೀಸಾದ ಮೇಲೆ ಬಂದು ಅವಧಿ ಮೀರಿ ಉಳಿದವರೂ ಆ ಅಕ್ರಮ ವಲಸಿಗರ ವ್ಯಾಖ್ಯೆಯೊಳಗೆ ಬರುತ್ತಾರೆ. ಬಸುರಿ ಹೆಣ್ಣುಮಗಳು ಬಾಣಂತನದ ಕೋಣೆ, ಡಾಕ್ಟರು, ಸೀಮಂತದ ಗಡಿಬಿಡಿಯಲ್ಲಿ ತಾರೀಕು ಮರೆಯುತ್ತಾಳೆ, ಮನೆಯವರಿಗೆ ಅದು ಹೊಳೆಯುವುದೂ ಇಲ್ಲ. ಆಮೇಲೆ ಪೆಟ್ಟು ಬೀಳುವುದು ಕೂಸಿನ ಪೌರತ್ವಕ್ಕೆ. ಈ ಕಾಗದ ಓದಿ ಮುಗಿಸಿದ ಮೇಲೆ ಅವಳ ವೀಸಾ ತೆರೆದು ನೋಡಿ. ಅದು ಮುಗಿಯುವ ತಾರೀಕು ಡಾಕ್ಟರು ಕೊಟ್ಟಿರುವ ಹೆರಿಗೆಯ ತಾರೀಕಿಗಿಂತ ಮುಂಚೆ ಇದ್ದರೆ ನಾಳೆಗೆ ಇಡಬೇಡಿ, ಇವತ್ತೇ ಇ-ಎಫ್‌ಆರ್‌ಆರ್‌ಒದಲ್ಲಿ ವಿಚಾರಿಸಿ, ವಿಸ್ತರಿಸಬಹುದಾದ ವೀಸಾ ಆಗಿದ್ದರೆ ಅರ್ಜಿ ಹಾಕಿ.

ಇಂತಿ ನಿಮ್ಮ,
ಹಂಗಳದ ಹೋಂಸ್ಟೇ ಅಕ್ಕ